ತುಂಗೆಯಿಂದ ಭದ್ರೆಗೆ ಒಂದು ದಿನದ ಕಾಲ್ನಡಿಗೆ

ರೈತನಾದವನು ದಿನವೂ ನಡೆಯುವವನೇ. ಆದರೆ ಅವನ ನಡಿಗೆ ಸಾಮಾನ್ಯವಾಗಿ ಮನೆಯಿಂದ ಗದ್ದೆಗೆ, ಗದ್ದೆಯಿಂದ ಕೊಟ್ಟಿಗೆಗೆ ಮುಗಿಯುತ್ತದೆ. ಪಕ್ಕದ ಊರಿಗೆ ಹೋಗಬೇಕಾದರೆ ಬಸ್ಸು ಇದೆ, ಬೈಕು ಇದೆ. ವಾಹನದಲ್ಲಿ ಹೋದವನಿಗೆ ರಸ್ತೆ ಚೆನ್ನಾಗಿ ಕಾಣುತ್ತದೆ. ಆದರೆ ಯಾವ ಗದ್ದೆಯಲ್ಲಿ ನೀರು ನಿಂತಿದೆ, ಯಾವ ಬಸಿಗಾಲುವೆಯಲ್ಲಿ ಹೂಳು ತುಂಬಿದೆ, ಯಾವ ಬಂಡಿದಾರಿಗೆ ಬೇಲಿ ಬಿದ್ದಿದೆ ಎಂಬುದು ತಿಳಿಯಬೇಕಾದರೆ ನೆಲದ ಮೇಲೆ ಕಾಲಿಟ್ಟು ನಡೆಯಬೇಕು.

ನಮ್ಮ ನಾಡಿನಲ್ಲಿ ದೂರದ ನಡಿಗೆ ಹೊಸದೇನಲ್ಲ. ಜಾತ್ರೆಗೆ, ಸಂತೆಗೆ, ನದಿಸ್ನಾನಕ್ಕೆ ಜನ ಹತ್ತಾರು ಮೈಲಿ ನಡೆಯುತ್ತಿದ್ದರು. ಇತ್ತೀಚೆಗೆ 2024ರ ನವೆಂಬರ್ ತಿಂಗಳಲ್ಲಿ ನಿರ್ಮಲ ತುಂಗಭದ್ರಾ ಅಭಿಯಾನದವರು ನದಿಯ ನೀರು ಕೆಡುತ್ತಿರುವುದನ್ನು ಜನರ ಗಮನಕ್ಕೆ ತರಲು ಶೃಂಗೇರಿಯಿಂದ ಹೊಳೆಯ ಜಾಡಿನಲ್ಲಿ ಪಾದಯಾತ್ರೆ ಹೊರಟು ಶಿವಮೊಗ್ಗದ ಮೂಲಕ ಮುಂದೆ ಸಾಗಿದರು. ಆ ಪಾದಯಾತ್ರೆ ನದಿಯನ್ನು ನೋಡುವುದಕ್ಕಾಗಿ. ಅದೇ ರೀತಿ ಬೇಸಾಯದ ನೆಲವನ್ನು ನೋಡುವುದಕ್ಕಾಗಿಯೂ ಒಂದು ನಡಿಗೆ ಏಕಾಗಬಾರದು? ಈ ಉದ್ದೇಶದಿಂದ ಒಂದು ಜನವರಿಯಲ್ಲಿ ನಾವು ಏಳು ಮಂದಿ, ಅಂದರೆ ಇಬ್ಬರು ವಿಜ್ಞಾನಿಗಳು, ಮೂವರು ವಿದ್ಯಾರ್ಥಿಗಳು ಹಾಗೂ ಇಬ್ಬರು ರೈತರು, ಶಿವಮೊಗ್ಗದಿಂದ ಕೂಡ್ಲಿ ಮತ್ತು ಹೊಳೆಹೊನ್ನೂರು ಮಾರ್ಗವಾಗಿ ಭದ್ರಾವತಿಗೆ ಒಂದೇ ದಿನದಲ್ಲಿ ನಡೆದೆವು. ಆ ದಾರಿಯ ವಿವರ ಮತ್ತು ಅದರಿಂದ ರೈತ ಬಾಂಧವರು ತಿಳಿಯಬಹುದಾದ ವಿಷಯಗಳನ್ನು ಇಲ್ಲಿ ಕೊಡಲಾಗಿದೆ.

ದಾರಿ ಮತ್ತು ದೂರ

ಶಿವಮೊಗ್ಗದಿಂದ ಭದ್ರಾವತಿಗೆ ನೇರ ಹೋದರೆ 20 ಕಿಲೋಮೀಟರಿನ ಒಳಗೇ ಮುಗಿಯುತ್ತದೆ. ಕೂಡ್ಲಿ ಸುತ್ತಿ ಹೋದರೆ ಅದರ ಎರಡರಷ್ಟು ಆಗುತ್ತದೆ. ಶಿವಮೊಗ್ಗದಿಂದ ಕೂಡ್ಲಿಗೆ ಸುಮಾರು 16 ಕಿ.ಮೀ.; ಅಲ್ಲಿಂದ ಮೂರು ನಾಲ್ಕು ಕಿ.ಮೀ. ನಡೆದರೆ ಹೊಳೆಹೊನ್ನೂರು, ಅಲ್ಲಿಂದ ಭದ್ರಾವತಿಗೆ ಮತ್ತೆ 18 ಕಿ.ಮೀ. ಆಸುಪಾಸು. ಗಂಟೆಗೆ ನಾಲ್ಕು ಕಿ.ಮೀ. ಲೆಕ್ಕ ಹಿಡಿದರೆ ಬೆಳಗಿನ ಐದು ಗಂಟೆಗೆ ಹೊರಟವರು ಅಲ್ಲಲ್ಲಿ ನಿಂತು ನೋಡಿಯೂ ಸಂಜೆ ದೀಪ ಹಚ್ಚುವ ಮುನ್ನ ಭದ್ರಾವತಿ ಸೇರಬಹುದು.

ಜನವರಿ ಇದಕ್ಕೆ ಒಳ್ಳೆಯ ಕಾಲ. ಮುಂಗಾರಿನ ಭತ್ತದ ಕೊಯ್ಲು ಮುಗಿದಿರುತ್ತದೆ. ಬೇಸಿಗೆ ಬೆಳೆಗೆ ಭದ್ರಾ ನಾಲೆಯಲ್ಲಿ ನೀರು ಬಿಡುವ ಮಾತು ಊರೂರಿನಲ್ಲಿ ನಡೆದಿರುತ್ತದೆ. ಅಡಿಕೆಯ ಕೊಯ್ಲು ಮುಗಿದು ಅಂಗಳದಲ್ಲಿ ಒಣಗುತ್ತಿರುತ್ತದೆ. ಬಿಸಿಲೂ ಹದವಾಗಿರುತ್ತದೆ.

ಶಿವಮೊಗ್ಗ: ನೆಲ ಅಳೆಸಿದ ಅರಸನ ನೆನಪು

ಶಿವಮೊಗ್ಗದ ಕೋಟೆ ಭಾಗದಲ್ಲಿ ತುಂಗಾ ನದಿಯ ದಂಡೆಗೆ ಸಮೀಪದಲ್ಲಿ ಶಿವಪ್ಪನಾಯಕನ ಅರಮನೆ ಎಂದು ಕರೆಯುವ, ದೊಡ್ಡ ಮರದ ಕಂಬಗಳುಳ್ಳ ಕಟ್ಟಡವಿದೆ. ಈಗ ಅದು ಸರ್ಕಾರಿ ವಸ್ತುಸಂಗ್ರಹಾಲಯ. ಕೆಳದಿಯ ಶಿವಪ್ಪನಾಯಕ 1645ರಿಂದ 1660ರವರೆಗೆ ಆಳಿದವನು. ಅವನ ಯುದ್ಧಗಳಿಗಿಂತ ರೈತರ ಬಾಯಲ್ಲಿ ಹೆಚ್ಚು ಕಾಲ ಉಳಿದದ್ದು ಅವನ ಕಂದಾಯದ ಏರ್ಪಾಡು. ಅದಕ್ಕೆ ‘ಶಿಸ್ತು’ ಎಂದೇ ಹೆಸರು. ಮಣ್ಣಿನ ಗುಣ ಮತ್ತು ನೀರಿನ ಅನುಕೂಲ ನೋಡಿ ನೆಲವನ್ನು ವರ್ಗ ಮಾಡಿಸಿ, ಹಲವು ವರ್ಷಗಳ ಬೆಳೆಯ ಹುಟ್ಟುವಳಿಯ ಸರಾಸರಿ ತೆಗೆಸಿ, ಅದರ ಮೂರನೇ ಒಂದು ಭಾಗವನ್ನು ಕಂದಾಯವಾಗಿ ಗೊತ್ತುಮಾಡಿದನು.

ಇದರಲ್ಲಿ ನಮಗೆ ಮುಖ್ಯವಾದ ಅಂಶ ಒಂದಿದೆ. ಮಣ್ಣು ನೋಡದೆ, ನೀರು ನೋಡದೆ, ಒಂದೇ ವರ್ಷದ ಬೆಳೆ ನೋಡಿ ನೆಲದ ಯೋಗ್ಯತೆ ಹೇಳಬಾರದು ಎಂಬುದು ಮುನ್ನೂರೈವತ್ತು ವರ್ಷಗಳ ಹಿಂದೆಯೇ ಈ ಸೀಮೆಯಲ್ಲಿ ತಿಳಿದಿತ್ತು. ಇಂದು ಮಾರುಕಟ್ಟೆಯ ಒಂದೇ ವರ್ಷದ ಧಾರಣೆ ನೋಡಿ ಗದ್ದೆಯನ್ನು ತೋಟ ಮಾಡುವವರು ಈ ಮಾತನ್ನು ಸ್ವಲ್ಪ ನೆನೆಯಬೇಕು.

ಎರಡು ಹೊಳೆಗಳ ನಡುವಿನ ನೆಲ

ತುಂಗಾ ಸೇತುವೆ ದಾಟಿ ವಿದ್ಯಾನಗರದ ಮುಂದೆ ಹೊಳೆಹೊನ್ನೂರು ರಸ್ತೆ ಹಿಡಿದರೆ ಎಡಕ್ಕೆ ತುಂಗೆ, ಬಲಕ್ಕೆ ದೂರದಲ್ಲಿ ಭದ್ರೆ. ಎರಡೂ ನದಿಗಳು ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿಯೇ ಹುಟ್ಟಿ, ಬೇರೆ ಬೇರೆ ದಾರಿ ಹಿಡಿದು, ಕೂಡ್ಲಿಯಲ್ಲಿ ಮತ್ತೆ ಸೇರುತ್ತವೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ಮೀರಿ ಸುರಿಯುವ ಮಳೆ ಇಲ್ಲಿಗೆ ಬರುವ ಹೊತ್ತಿಗೆ 1000 ಮಿ.ಮೀ. ಆಸುಪಾಸಿಗೆ ಇಳಿದಿರುತ್ತದೆ. ಮಲೆನಾಡು ಮುಗಿದು ಬಯಲುಸೀಮೆ ಇನ್ನೂ ಆರಂಭವಾಗದ ಅರೆಮಲೆನಾಡು ಇದು. ಎತ್ತರದ ದಿಣ್ಣೆಯಲ್ಲಿ ಕೆಂಪು ಗೋಡು ಮಣ್ಣು. ಹೊಳೆಯ ಕಡೆಗೆ ಇಳಿದಂತೆ ಮಣ್ಣು ಜಿಗುಟಾಗುತ್ತ, ಬಣ್ಣ ಕಪ್ಪಾಗುತ್ತ ಹೋಗುತ್ತದೆ. ಈ ಬದಲಾವಣೆಯನ್ನು ಕಾಲೇ ಹೇಳುತ್ತದೆ. ದಿಣ್ಣೆಯಲ್ಲಿ ಚಪ್ಪಲಿಗೆ ಧೂಳು ಹತ್ತುತ್ತದೆ, ತಗ್ಗಿನಲ್ಲಿ ಮಣ್ಣಿನ ಹೆಂಟೆಯೇ ಅಂಟುತ್ತದೆ.

ಹಳೆಯ ಊರುಗಳೆಲ್ಲ ದಿಣ್ಣೆಯ ಮೇಲೆ ಇವೆ. ಅದರ ಕೆಳಗೆ ಗದ್ದೆಬಯಲು, ಅದಕ್ಕೂ ಕೆಳಗೆ ಹೊಳೆ. ಮನೆ ಒಣ ನೆಲದಲ್ಲಿ, ಭತ್ತ ತಗ್ಗಿನಲ್ಲಿ ಎಂಬುದು ಹಿರಿಯರ ಲೆಕ್ಕ. ಗದ್ದೆಬಯಲಿನ ನಡುವೆ ಊರಿನಿಂದ ಹೊಳೆಯವರೆಗೆ ಒಂದು ಬಂಡಿದಾರಿ, ಅದರ ಬದಿಯಲ್ಲಿ ಒಂದು ಬಸಿಗಾಲುವೆ. ನಾವು ನೋಡಿದ ಹಲವು ಊರುಗಳಲ್ಲಿ ಇದೇ ರಚನೆ ಕಂಡಿತು. ಇಂದು ಆ ಬಯಲಿನಲ್ಲಿ ಅರ್ಧಕ್ಕೆ ಅರ್ಧ ಅಡಿಕೆ ಬಂದಿರುವ ಕಡೆಗಳಲ್ಲಿಯೂ ಹಳೆಯ ದಾರಿ ಮತ್ತು ಕಾಲುವೆಯ ಗುರುತು ಉಳಿದಿದೆ.

ದಾರಿಯಲ್ಲಿ ಸಿಕ್ಕ ರೈತರೊಬ್ಬರು ಏಳು ಮಂದಿ ಹೆಗಲಿಗೆ ಚೀಲ ಹಾಕಿ ಬರುವುದನ್ನು ನೋಡಿ, “ಯಾಕ್ ಸಾರ್, ಬಸ್ ತಪ್ಪೋಯ್ತಾ?” ಎಂದು ಕೇಳಿದರು. “ಇಲ್ಲ ಯಜಮಾನ್ರೇ, ನಡೆದೇ ನೋಡೋಣ ಅಂತ ಬಂದ್ವಿ” ಎಂದಾಗ, “ಹಂಗಾದ್ರೆ ಬನ್ನಿ, ನಮ್ ಗದ್ದೆ ಬಸಿಗಾಲುವೆ ನೋಡಿ ಹೋಗಿ” ಎಂದು ಕರೆದೊಯ್ದರು. ಆ ಕಾಲುವೆಯಲ್ಲಿ ಮೊಳಕಾಲೆತ್ತರ ಜೊಂಡು ಬೆಳೆದಿತ್ತು. ಮೇಲಿನ ಗದ್ದೆಗಳ ಹೆಚ್ಚು ನೀರು ಹೊರಗೆ ಹೋಗಲು ದಾರಿ ಇಲ್ಲದೆ ಇವರ ಗದ್ದೆಯಲ್ಲಿಯೇ ನಿಲ್ಲುತ್ತಿತ್ತು. ಕಾಲುವೆ ಯಾರದ್ದು ಎಂದರೆ ಊರಿನದು. ಹೂಳು ತೆಗೆಯುವವರು ಯಾರು ಎಂದರೆ ಉತ್ತರ ಬರಲಿಲ್ಲ.

ಕೂಡ್ಲಿ: ಎರಡು ನೀರು ಒಂದಾಗುವ ಊರು

ಒಂಬತ್ತು ಗಂಟೆಯ ಹೊತ್ತಿಗೆ ಕೂಡ್ಲಿ ಸಿಕ್ಕಿತು. ಇಲ್ಲಿ ತುಂಗೆ ಮತ್ತು ಭದ್ರೆ ಕೂಡಿ ತುಂಗಭದ್ರೆಯಾಗುತ್ತವೆ. ಸಂಗಮದಲ್ಲಿ ಸಂಗಮೇಶ್ವರನ ಗುಡಿ, ಸ್ವಲ್ಪ ಮೇಲಕ್ಕೆ ಹೊಯ್ಸಳರ ಕಾಲದ ರಾಮೇಶ್ವರ ದೇವಾಲಯ, ನರಸಿಂಹ ದೇವಾಲಯ, ಅದ್ವೈತ ಪರಂಪರೆಯ ಶೃಂಗೇರಿ ಮಠ, ದ್ವೈತ ಪರಂಪರೆಯ ಅಕ್ಷೋಭ್ಯತೀರ್ಥ ಮಠ ಇವೆಲ್ಲ ಒಂದೇ ಊರಿನಲ್ಲಿ ಇವೆ. ಊರು ಚಿಕ್ಕದು, ಹೆಸರು ದೊಡ್ಡದು.

1800–01ರಲ್ಲಿ ಮೈಸೂರು, ಕೆನರಾ, ಮಲಬಾರು ಸೀಮೆಗಳನ್ನು ಸುತ್ತಿ ಅಲ್ಲಿಯ ಬೇಸಾಯ, ಮಣ್ಣು, ಬೀಜ, ಕಂದಾಯದ ವಿವರ ಬರೆದಿಟ್ಟ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯರು ಈ ಸೀಮೆಯ ಮೂಲಕವೂ ಹಾದುಹೋದರು. ದಿನಕ್ಕೆ ಕೆಲವೇ ಮೈಲಿಗಳ ಪಯಣ, ತಂಗಿದಲ್ಲಿ ರೈತರನ್ನು ಕರೆಸಿ ಕೇಳುವುದು, ಕೇಳಿದ್ದನ್ನು ಬರೆದಿಡುವುದು ಅವರ ಕ್ರಮವಾಗಿತ್ತು. ಅವರ ಪ್ರವಾಸದ ಪುಸ್ತಕ 1807ರಲ್ಲಿ ಅಚ್ಚಾಯಿತು. ಆ ಕಾಲದ ಬೇಸಾಯದ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಬಹುಪಾಲು ಹೀಗೆ ನಿಧಾನವಾಗಿ ಊರೂರು ಸುತ್ತಿದವರಿಂದಲೇ ಬಂದಿದೆ.

ಸಂಗಮದ ಮೆಟ್ಟಿಲ ಮೇಲೆ ಕುಳಿತು ಕೊಟ್ಟೆಕಟ್ಟಿ ತಂದಿದ್ದ ಅವಲಕ್ಕಿ ತಿನ್ನುವಾಗ ವಿದ್ಯಾರ್ಥಿಗಳು ಎರಡು ನೀರಿನ ಬಣ್ಣ ಬೇರೆಯೇ ಎಂದು ಚರ್ಚೆ ಮಾಡಿದರು. ರೈತರೊಬ್ಬರು ಹೇಳಿದ ಮಾತು ಬೇರೆ: “ಎರಡೂರಿನ ಕೊಳೆನೀರು, ನಮ್ಮ ಗದ್ದೆಯ ಗೊಬ್ಬರದ ನೀರು ಎಲ್ಲ ಇಲ್ಲೇ ಬಂದು ಸೇರುತ್ತೆ. ಇದನ್ನೇ ಕೆಳಗಿನೋರು ಕುಡೀಬೇಕು.” ಯೂರಿಯಾವನ್ನು ನಿಂತ ನೀರಿಗೆ ಎರಚಿ, ಮಡೆ ಬಿಟ್ಟು, ಮನೆಗೆ ಹೋಗುವ ಅಭ್ಯಾಸ ಇರುವವರು ಈ ಮಾತನ್ನು ಗಮನಿಸಬೇಕು. ಮೇಲುಗೊಬ್ಬರ ಕೊಡುವ ಮುನ್ನ ನೀರು ಬಸಿದು, ಗೊಬ್ಬರ ಹಾಕಿ, ಒಂದೆರಡು ದಿನ ಬಿಟ್ಟು ನೀರು ಕಟ್ಟಿದರೆ ಗೊಬ್ಬರ ಬೆಳೆಗೆ ಸಿಗುತ್ತದೆ. ಹಣವೂ ಹೊಳೆಗೆ ಹೋಗುವುದಿಲ್ಲ.

ಹೊಳೆಹೊನ್ನೂರು

ಭದ್ರೆಯ ಸೇತುವೆ ದಾಟಿದರೆ ಹೊಳೆಹೊನ್ನೂರು. ಇಲ್ಲಿಯ ಕೋಟೆಯನ್ನು 1791ರ ಡಿಸೆಂಬರಿನಲ್ಲಿ ಮರಾಠಾ ಸೈನ್ಯ ಹಿಡಿದು, ಅನಂತರ ಶಿವಮೊಗ್ಗದ ಮೇಲೆ ಏರಿಹೋಯಿತು. ಆ ಸೈನ್ಯ ನಡೆದುದೂ ಹೆಚ್ಚುಕಡಿಮೆ ನಾವು ಬೆಳಿಗ್ಗೆ ನಡೆದ ನೆಲದಲ್ಲಿಯೇ. ಉತ್ತರಾದಿ ಮಠದ ಸತ್ಯಧರ್ಮತೀರ್ಥರ ಬೃಂದಾವನ ಇರುವುದರಿಂದ ಯಾತ್ರಿಕರು ಇಂದಿಗೂ ಬರುತ್ತಾರೆ.

ಈ ಕಡೆಯ ನೆಲದ ಬದುಕನ್ನು ಬದಲಿಸಿದ್ದು ಲಕ್ಕವಳ್ಳಿಯ ಬಳಿ ಕಟ್ಟಿದ ಭದ್ರಾ ಜಲಾಶಯ. 186 ಅಡಿ ಪೂರ್ಣಮಟ್ಟದ, 71.5 ಟಿ.ಎಂ.ಸಿ. ಸಾಮರ್ಥ್ಯದ ಈ ಜಲಾಶಯದ ಬಲದಂಡೆ ನಾಲೆಯಿಂದ ಆನವೇರಿ ಶಾಖಾ ನಾಲೆ ಹೊರಡುತ್ತದೆ. ನಾಲೆ ಬಂದ ಮೇಲೆ ಹೊರಗಿನಿಂದ ಬಂದು ಬೇಸಾಯಕ್ಕೆ ನೆಲೆಸಿದವರ ಊರುಗಳು ‘ಕ್ಯಾಂಪ್’ ಎಂಬ ಹೆಸರಿನಲ್ಲಿ ಹಳೆಯ ಊರುಗಳ ಪಕ್ಕದಲ್ಲಿ ಬೆಳೆದವು. ಅರಬಿಳಚಿಯ ಪಕ್ಕದಲ್ಲಿ ಅರಬಿಳಚಿ ಕ್ಯಾಂಪ್ ಇರುವುದು ಈ ಸೀಮೆಯವರಿಗೆಲ್ಲ ಗೊತ್ತು. ನಾಟಿಯಲ್ಲಿ, ಮಡೆ ಕಟ್ಟುವುದರಲ್ಲಿ ಹಳೆಯ ಊರಿನವರು ಮತ್ತು ಕ್ಯಾಂಪಿನವರು ಒಬ್ಬರಿಂದೊಬ್ಬರು ಕಲಿತದ್ದು ಬಹಳ.

ಆದರೆ ನಾಲೆಯ ನೀರಿನಲ್ಲಿ ಮೇಲಿನವನಿಗೂ ಕೆಳಗಿನವನಿಗೂ ಇರುವ ವ್ಯತ್ಯಾಸ ಇನ್ನೂ ಹೋಗಿಲ್ಲ. ಮಳೆ ಕಡಿಮೆಯಾದ ವರ್ಷ ‘ಆನ್ ಅಂಡ್ ಆಫ್’ ಪದ್ಧತಿಯಲ್ಲಿ ಸರದಿಯ ಮೇಲೆ ನೀರು ಬಿಟ್ಟಾಗ ತುದಿಯ ಗದ್ದೆಗೆ ನೀರು ತಲುಪುವ ಹೊತ್ತಿಗೆ ಸರದಿಯೇ ಮುಗಿದಿರುತ್ತದೆ. ತೂಬಿನ ಪಕ್ಕದ ಗದ್ದೆಯಲ್ಲಿ ಮೊಳಕಾಲುದ್ದ ನೀರು ನಿಂತಿದ್ದರೆ ತುದಿಯಲ್ಲಿ ನೆಲ ಬಿರಿದಿರುತ್ತದೆ. ಒಂದು ಹಂಚುಕಾಲುವೆಯ ತಲೆಯಿಂದ ತುದಿಯವರೆಗೆ ನಡೆಯಲು ಅರ್ಧ ಗಂಟೆ ಸಾಕು. ಆ ಅರ್ಧ ಗಂಟೆಯಲ್ಲಿ ಈ ವ್ಯತ್ಯಾಸ ಕಣ್ಣಿಗೆ ಕಟ್ಟುತ್ತದೆ.

ಬೇಲಿ ಬಿದ್ದ ಬಂಡಿದಾರಿ

ಹೊಳೆಹೊನ್ನೂರು ಮತ್ತು ಭದ್ರಾವತಿಯ ನಡುವೆ ಮಧ್ಯಾಹ್ನ ಒಂದು ಊರಿನಲ್ಲಿ ಕಂಡ ಸಂಗತಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಊರಿನ ಹೆಸರು ಬೇಡ. ಇಂಥ ಸಂಗತಿ ಯಾವ ಊರಿನಲ್ಲಿಯೂ ಸಿಗಬಹುದು.

ನಾಲೆಯ ಕೆಳಗಿನ ಬಯಲಿನಲ್ಲಿ ಹಿಂದಿನ ಸಾಲಿನಲ್ಲಿ ಒಂದೂವರೆ ಎಕರೆ ಗದ್ದೆ ಇರುವ ವೃದ್ಧರೊಬ್ಬರು ಸಿಕ್ಕಿದರು. ಭತ್ತ ಕೊಯ್ದು ತಿಂಗಳು ಕಳೆದಿದ್ದರೂ ಹುಲ್ಲಿನ ಬಣವೆ ಗದ್ದೆಯಲ್ಲಿಯೇ ಇತ್ತು. ಕಾರಣ ಕೇಳಿದಾಗ ಮುಂದಿನ ಎರಡು ಅಡಿಕೆ ತೋಟಗಳನ್ನು ತೋರಿಸಿದರು. ಮೊದಲು ಅಲ್ಲಿ ಎತ್ತಿನ ಗಾಡಿ ಓಡಾಡುವ ದಾರಿ ಇತ್ತು. ತೋಟ ಮಾಡಿದಾಗ ಆ ಕಡೆಯ ಬೇಲಿ ಸ್ವಲ್ಪ ಈಚೆಗೆ, ಈ ಕಡೆಯ ಬೇಲಿ ಸ್ವಲ್ಪ ಆಚೆಗೆ ಸರಿದು ಈಗ ಒಬ್ಬರು ನಡೆಯುವಷ್ಟು ಬದು ಉಳಿದಿದೆ. ಕೊಯ್ಲು ಯಂತ್ರ ಒಳಗೆ ಬರುವುದಿಲ್ಲ. ಆಳು ಸಿಗುವುದಿಲ್ಲ. ಕೊಯ್ದ ಭತ್ತವನ್ನು ತಲೆಹೊರೆಯಲ್ಲಿ ರಸ್ತೆಗೆ ಸಾಗಿಸಬೇಕಾಯಿತು.

ಬದುವಿನ ನೆರಳಿನಲ್ಲಿ ಪ್ಲಾಸ್ಟಿಕ್ ಚೀಲದ ಅಡಿಕೆ ಸಸಿಗಳು ಸಾಲಾಗಿ ನಿಂತಿದ್ದವು. “ದಾರಿ ಹೋದ್ಮೇಲೆ ಗದ್ದೆ ಇದ್ದೇನ್ ಬಂತು ಸ್ವಾಮಿ? ಅಡಿಕೆ ಆದ್ರೆ ವರ್ಷಕ್ಕೆ ನಾಕು ಸಲ ಗೊನೆ ಹೊತ್ತು ತಂದ್ರೆ ಆಯ್ತು. ಭತ್ತ, ಹುಲ್ಲು ಹೊರೋಕೆ ಈ ವಯಸ್ಸಲ್ಲಿ ಆಗುತ್ತಾ?” ಎಂದರು.

ಅಡಿಕೆ ಮಾಡುವ ಆಸೆಯಿಂದ ಅವರು ಸಸಿ ತಂದಿರಲಿಲ್ಲ. ದಾರಿ ಇಲ್ಲದ್ದರಿಂದ ತಂದಿದ್ದರು. ಗದ್ದೆಯ ನಡುವೆ ಗುದ್ದಲಿಯಿಂದ ಅಗೆಸಿ ನೋಡಿದೆವು. ಒಂದೂವರೆ ಅಡಿಗೆ ಜಿಗುಟು ಮಣ್ಣಿನಿಂದ ನೀರು ಒಸರತೊಡಗಿತು. ಇಂಥ ನೆಲದಲ್ಲಿ ಬಸಿಗಾಲುವೆ ಇಲ್ಲದೆ ಅಡಿಕೆ ಇಟ್ಟರೆ ಬೇರು ಆಳಕ್ಕೆ ಇಳಿಯದು. ಗಿಡ ಎದ್ದರೂ ಮುಂದೆ ಹಿಡಿಮುಂಡಿಗೆ ಕಾಣಿಸಿಕೊಳ್ಳುವ ಸಂಭವ ಹೆಚ್ಚು. ಎಲೆಗಳು ಗಿಡ್ಡವಾಗಿ ಒತ್ತೊತ್ತಾಗಿ, ಕಾಂಡ ತುದಿಯಲ್ಲಿ ಸಣ್ಣಗಾಗಿ, ಗೊನೆ ಚಿಕ್ಕದಾಗುವುದು ಇದರ ಲಕ್ಷಣ. ನೆಟ್ಟ ಆಳಕ್ಕಿಂತ 15ರಿಂದ 30 ಸೆಂ.ಮೀ. ಹೆಚ್ಚು ಆಳದ ಬಸಿಗಾಲುವೆಯನ್ನು ಎರಡು ಸಾಲಿಗೊಂದರಂತೆ ತೆಗೆಯಬೇಕು. ಆದರೆ ಆ ನೀರನ್ನು ಬಿಡುವುದು ಎಲ್ಲಿಗೆ? ಕೆಳಗಿನವರ ಭತ್ತದ ಗದ್ದೆಗೆ. ಆಗ ಅವರ ಗದ್ದೆಯೂ ಜೌಗಾಗುತ್ತದೆ, ಅವರೂ ಬೇಸತ್ತು ಸಸಿ ತರುತ್ತಾರೆ. ಒಂದು ದಾರಿ ಮುಚ್ಚಿದರೆ ಒಂದು ಬಯಲೇ ಬದಲಾಗುವುದು ಹೀಗೆ. ಅಡಿಕೆ ಫಲಕ್ಕೆ ಬರಲು ಐದರಿಂದ ಏಳು ವರ್ಷ ಬೇಕು. ಅಷ್ಟು ಕಾಲ ಒಂದೂವರೆ ಎಕರೆಯ ಸಂಸಾರ ಏನು ಉಣ್ಣಬೇಕು ಎಂಬುದೂ ಪ್ರಶ್ನೆಯೇ.

ವಿದ್ಯಾರ್ಥಿಯೊಬ್ಬ ಆ ಊರಿನ ಗ್ರಾಮ ನಕಾಶೆಯನ್ನು ಮೊಬೈಲಿನಲ್ಲಿ ತೆಗೆದ. ಎರಡು ಸರ್ವೆ ನಂಬರುಗಳ ನಡುವೆ ಜೋಡಿ ಚುಕ್ಕೆಗೆರೆ ಸ್ಪಷ್ಟವಾಗಿತ್ತು. ಜೋಡಿ ಚುಕ್ಕೆಗೆರೆ ಬಂಡಿದಾರಿಯ ಗುರುತು. ಒಂಟಿ ಚುಕ್ಕೆಗೆರೆಯಾದರೆ ಕಾಲುದಾರಿ. ಅಷ್ಟರಲ್ಲಿ ಮುಂದಿನ ತೋಟದ ಯುವಕನೂ ಬಂದ. “ಬೇಲಿ ನಾನು ಹಾಕಿದ್ದಲ್ಲ ದೊಡ್ಡಪ್ಪ, ನಾವು ಕೊಳ್ಳುವಾಗಲೇ ಇತ್ತು” ಎಂದ. ಅದೂ ನಿಜವಿರಬಹುದು. ನಕಾಶೆ ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಳತೆ ಮಾಡಿಸೋಣ. ಆಚೆ ಕಡೆಯವರೂ ಬಿಟ್ಟರೆ ನಾನೂ ಬಿಡ್ತೀನಿ. ಸದ್ಯ ಹುಲ್ಲು ನಮ್ಮ ತೋಟದೊಳಗಿಂದಲೇ ಹೊಡಿಸ್ಕೊಳ್ಳಿ” ಎಂದ. ಸಸಿಗಳನ್ನು ಈ ವರ್ಷ ನೆಡುವುದೋ ಬಿಡುವುದೋ ವೃದ್ಧರು ಹೇಳಲಿಲ್ಲ. ಬೇಸಿಗೆ ಬೆಳೆಗೆ ಸಸಿಮಡಿ ಮಾಡಲು ಇನ್ನೂ ಕಾಲ ಮೀರಿಲ್ಲವೇ ಎಂದು ಮಾತ್ರ ಕೇಳಿದರು.

ಭದ್ರಾವತಿ

ಸಂಜೆಗೆ ಭದ್ರಾವತಿ. ಹಿಂದೆ ಇದರ ಹೆಸರು ಬೆಂಕಿಪುರ. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯ ಹಳೆಯ ಊರಿನ ಗುರುತಾದರೆ, ಸರ್ ಎಂ. ವಿಶ್ವೇಶ್ವರಯ್ಯನವರ ಪ್ರಯತ್ನದಿಂದ ಸ್ಥಾಪನೆಯಾಗಿ 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆ ಹೊಸ ಊರಿನ ಗುರುತು. ಅನಂತರ ಕಾಗದದ ಕಾರ್ಖಾನೆ ಬಂತು, ಅದರ ಜೊತೆಗೆ ಸಕ್ಕರೆ ಘಟಕವೂ ಬಂತು. ಸುತ್ತಿನ ರೈತರು ಕಬ್ಬು ಬೆಳೆದರು. 2015ರ ಹೊತ್ತಿಗೆ ಉತ್ಪಾದನೆ ನಿಂತ ಮೇಲೆ ಕಬ್ಬಿನ ಗದ್ದೆಗಳೂ ಅಡಿಕೆಯತ್ತ ತಿರುಗಿದವು.

ಒಂದೇ ದಿನದ ನಡಿಗೆಯಲ್ಲಿ ಒಂದು ಪಾಠ ಮತ್ತೆ ಮತ್ತೆ ಎದುರಾಯಿತು. ಬೆಳೆ ಯಾವುದು ಎಂಬುದನ್ನು ರೈತ ಒಬ್ಬನೇ ನಿಶ್ಚಯಿಸುತ್ತಾನೆ ಎಂದು ತಿಳಿದಿದ್ದೇವೆ. ವಾಸ್ತವದಲ್ಲಿ ದಾರಿ, ಬಸಿಗಾಲುವೆ ಮತ್ತು ಸರದಿಯ ನೀರು, ಈ ಮೂರೂ ಅದನ್ನು ನಿಶ್ಚಯಿಸುತ್ತವೆ. ಈ ಮೂರೂ ಯಾರೊಬ್ಬರ ಪಹಣಿಯಲ್ಲಿಯೂ ಇಲ್ಲ. ಊರಿನವರೆಲ್ಲರ ಸೊತ್ತು.

ಬೇರೆ ದೇಶದ ಒಂದು ಉದಾಹರಣೆ

ಫ್ರಾನ್ಸ್ ದೇಶದಲ್ಲಿ ಎರಡನೇ ಮಹಾಯುದ್ಧದ ನಂತರ ಚದುರಿದ ಹಿಡುವಳಿಗಳನ್ನು ಒಟ್ಟುಗೂಡಿಸುವಾಗ ಎಷ್ಟೋ ಹಳೆಯ ಹಳ್ಳಿದಾರಿಗಳು, ಗಿಡದ ಬೇಲಿಗಳು ಅಳಿಸಿಹೋದವು. ಅದೇ ಕಾಲದಲ್ಲಿ, 1947ರಿಂದ, ನಡಿಗೆಯ ಆಸಕ್ತರು ಉಳಿದ ದಾರಿಗಳಿಗೆ ಬಿಳಿ ಮತ್ತು ಕೆಂಪು ಪಟ್ಟಿ ಬಳಿದು ಗುರುತು ಹಾಕತೊಡಗಿದರು. ಇಂದು ಆ ದಾರಿಗಳಲ್ಲಿ ಹಳೆಯ ಊರಿಂದ ಊರಿಗೆ ದಿನಗಟ್ಟಲೆ ನಡೆಯುವವರಿದ್ದಾರೆ. ದಾರಿಬದಿಯ ರೈತರು ಅವರಿಗೆ ತಂಗಲು ಕೊಠಡಿ, ಊಟ, ತಮ್ಮ ಗಿಣ್ಣು ಹಣ್ಣುಗಳನ್ನು ಒದಗಿಸಿ ಆದಾಯ ಪಡೆಯುತ್ತಾರೆ. ಕೂಡ್ಲಿಯ ದಾರಿಯೂ ಹಾಗಾಗಬಾರದೆಂದಿಲ್ಲ. ಆದರೆ ಮೊದಲು ದಾರಿ ಉಳಿಯಬೇಕು.

ನಿಮ್ಮ ಊರಿನಲ್ಲಿ ಮಾಡಬಹುದಾದದ್ದು

ಎಲ್ಲರೂ 40 ಕಿ.ಮೀ. ನಡೆಯಬೇಕಾಗಿಲ್ಲ. ವರ್ಷಕ್ಕೊಮ್ಮೆ ಕೊಯ್ಲು ಮುಗಿದ ಮೇಲೆ, ನಾಲೆಗೆ ನೀರು ಬರುವ ಮುನ್ನ, ಊರಿನ ಹತ್ತಾರು ರೈತರು ಸೇರಿ ತಮ್ಮ ಊರಿನ ಗಡಿ ಸುತ್ತಿ ಬಂದರೆ ಸಾಕು. ಆಗ ಈ ಕೆಳಗಿನವುಗಳನ್ನು ಗಮನಿಸಬೇಕು.

1. ಗ್ರಾಮ ನಕಾಶೆಯ ಪ್ರತಿ ಕೈಯಲ್ಲಿರಲಿ. ಸರ್ವೆ ನಂಬರು ತಿಳಿಯಲು ‘ದಿಶಾಂಕ್’ ಆ್ಯಪ್ ನೆರವಾಗುತ್ತದೆ. ಚುಕ್ಕೆಗೆರೆಯ ದಾರಿಗಳೆಲ್ಲ ನೆಲದ ಮೇಲೆ ಇವೆಯೇ ಎಂದು ನೋಡಿ.

2. ದಾರಿ ಮುಚ್ಚಿದ್ದರೆ ಮೊದಲು ಇಬ್ಬರನ್ನೂ ಕೂರಿಸಿ ಮಾತನಾಡಿ. ಆಗದಿದ್ದರೆ ನಕಾಶೆಯ ಪ್ರತಿಯೊಂದಿಗೆ ತಹಶೀಲ್ದಾರರಿಗೆ ಅರ್ಜಿ ಕೊಡಬಹುದು. ನಕಾಶೆಯಲ್ಲಿ ಇಲ್ಲದ ದಾರಿಯಾದರೂ 20 ವರ್ಷ ಹಕ್ಕಿನಿಂದ, ಅಡ್ಡಿಯಿಲ್ಲದೆ ಬಳಸಿದ್ದರೆ 1882ರ ಈಸ್‌ಮೆಂಟ್ ಕಾಯ್ದೆಯಂತೆ ಸಿವಿಲ್ ನ್ಯಾಯಾಲಯದಲ್ಲಿ ಹಕ್ಕು ಕೇಳಬಹುದು.

3. ಬಸಿಗಾಲುವೆಯನ್ನು ಹೊಳೆ ಅಥವಾ ಹಳ್ಳ ಸೇರುವ ತುದಿಯಿಂದ ಮೇಲಕ್ಕೆ ಹೂಳೆತ್ತುತ್ತಾ ಬನ್ನಿ. ಮೇಲಿನಿಂದ ಆರಂಭಿಸಿದರೆ ನೀರು ಕೆಳಗಿನವರ ಗದ್ದೆಗೆ ನುಗ್ಗುತ್ತದೆ.

4. ಹಂಚುಕಾಲುವೆಯನ್ನು ತಲೆಯಿಂದ ತುದಿಯವರೆಗೆ ನಡೆದು, ಒಡೆದ ಕಡೆ, ಅಕ್ರಮ ತೂಬು, ಹೂಳು ಇವನ್ನು ಬರೆದುಕೊಂಡು ನೀರು ಬಳಕೆದಾರರ ಸಹಕಾರ ಸಂಘಕ್ಕೆ ಕೊಡಿ. ಸಂಘದ ಅಧ್ಯಕ್ಷರೂ ಜೊತೆಗೆ ನಡೆದರೆ ಇನ್ನೂ ಒಳ್ಳೆಯದು.

5. ಗದ್ದೆಯನ್ನು ತೋಟ ಮಾಡುವ ಯೋಚನೆ ಇರುವವರು ಮೂರು ಅಡಿ ಆಳದ ಗುಂಡಿ ತೆಗೆದು ಒಂದು ದಿನ ಬಿಟ್ಟು ನೋಡಿ. ನೀರು ನಿಂತರೆ, ಬಸಿಯುವ ಏರ್ಪಾಡು ಆಗುವವರೆಗೆ ಸಸಿ ತರಬೇಡಿ.

6. ಹಿರಿಯರೊಬ್ಬರನ್ನು, ಶಾಲೆಯ ಇಬ್ಬರು ಮಕ್ಕಳನ್ನು ಕರೆದುಕೊಂಡು ಹೋಗಿ. ಹಿರಿಯರಿಗೆ ಹಳೆಯ ದಾರಿ ಗೊತ್ತು. ಮಕ್ಕಳಿಗೆ ಅದು ಗೊತ್ತಾಗಬೇಕು.

ನಡಿಗೆಗೆ ಖರ್ಚಿಲ್ಲ. ಒಂದು ನೀರಿನ ಬಾಟಲಿ, ಒಂದು ಗುದ್ದಲಿ, ಒಂದು ನೋಟುಪುಸ್ತಕ ಸಾಕು. ಹೀಗೆ ನಡೆದು ಬಂದ ಊರಿನವರು ತಮ್ಮ ದಾರಿ, ಕಾಲುವೆಗಳ ಪಟ್ಟಿಯನ್ನು ಗ್ರಾಮ ಪಂಚಾಯತಿಗೆ ಕೊಟ್ಟು, ಅದರ ಒಂದು ಪ್ರತಿಯನ್ನು ತಮ್ಮಲ್ಲಿಯೇ ಇಟ್ಟುಕೊಳ್ಳಬೇಕು. ಮುಂದಿನ ವರ್ಷ ಅದೇ ಪಟ್ಟಿ ಹಿಡಿದು ಮತ್ತೆ ಹೊರಡಬಹುದು.